ಗಾಳಿಯಲ್ಲಿನ ಕಾದಾಟಕ್ಕೆ ಗಡಿಯಾರವೇ ಸಾಕ್ಷಿ

ಇಬ್ಬರು ಫೈಟರ್ ಪೈಲಟ್‌ಗಳು ತರಬೇತಿ ಹಾರಾಟ ಮುಗಿಸಿ ಈಗಷ್ಟೇ ಇಳಿದಿದ್ದಾರೆ. ಆಕ್ಸಿಜನ್ ಮಾಸ್ಕ್ ಒತ್ತಿದ ಗುರುತು ಮುಖದ ಮೇಲೆ ಇನ್ನೂ ಮಾಸಿಲ್ಲ. ಕೋಣೆಗೆ ಬಂದವನೇ ಒಬ್ಬ ಎರಡೂ ಅಂಗೈ ಮುಂದೆ ಚಾಚುತ್ತಾನೆ. ಬಲಗೈ ಅವನ ವಿಮಾನ, ಎಡಗೈ ಎದುರಾಳಿಯದು. ‘ನೀನು ಎಡಕ್ಕೆ ವಾಲಿದೆ, ನಾನು ಮೇಲಿಂದ ಇಳಿದು ನಿನ್ನ ಹಿಂದೆ ಬಂದೆ, ಅಲ್ಲೇ ಹೊಡೆದೆ’ ಅನ್ನುತ್ತಾನೆ. ಇನ್ನೊಬ್ಬ ತಲೆ ಅಲ್ಲಾಡಿಸುತ್ತಾನೆ. ‘ಅದಕ್ಕೂ ಮುಂಚೆನೇ ನಾನು ಕ್ಷಿಪಣಿ ಬಿಟ್ಟಾಗಿತ್ತಲ್ಲ!’

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ನೆನಪಿದ್ದದ್ದನ್ನೇ ಹೇಳುತ್ತಿದ್ದಾರೆ. ಆದರೆ ಆ ನೆನಪು ಹುಟ್ಟಿದ ಹೊತ್ತು ಎಂಥದ್ದು ನೋಡಿ. 7 ಜಿ ತಿರುವಿನಲ್ಲಿ ದೇಹದ ತೂಕ ಏಳು ಪಟ್ಟು ಆಗುತ್ತದೆ. ತಲೆ, ಹೆಲ್ಮೆಟ್ ಎರಡೂ ಸೇರಿ ನಲವತ್ತು ಕಿಲೋಗೂ ಜಾಸ್ತಿ ಭಾರ. ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಕಣ್ಣಿನ ಅಂಚು ಮಸುಕಾಗುತ್ತದೆ. ಅಂಥ ಸ್ಥಿತಿಯಲ್ಲಿ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಎದುರಾಳಿಯನ್ನು ಹುಡುಕುತ್ತಾ, ಇಂಧನ ಎಷ್ಟಿದೆ ಅಂತಲೂ ನೋಡುತ್ತಾ ಹಾರಿದವನಿಗೆ ಹತ್ತು ಸೆಕೆಂಡಿನ ಘಟನೆ ಮೂರು ಸೆಕೆಂಡಿನಂತೆ ಕಂಡರೆ ಆಶ್ಚರ್ಯವಿಲ್ಲ. ‘ಮೊದಲು ಕಪ್ಪು ಹಲಗೆ ಮುಟ್ಟಿದವನೇ ಗೆದ್ದವನು’ ಅನ್ನುವ ಮಾತು ಫೈಟರ್ ಪೈಲಟ್‌ಗಳ ನಡುವೆ ಹಳೆಯದು. ಸೀಮೆಸುಣ್ಣ ಯಾರ ಕೈಲಿ ಇತ್ತೋ ಅವರ ಕಥೆಯೇ ಚರಿತ್ರೆ ಆಗುತ್ತಿತ್ತು.

ಈ ಕಥೆಯ ಜಾಗಕ್ಕೆ ದಾಖಲೆ ತಂದು ಕೂರಿಸಿದ್ದೇ ಉಪಗ್ರಹದ ಮೂಲಕ ವಿಮಾನದ ಜಾಡು ಹಿಡಿಯುವ ವ್ಯವಸ್ಥೆ. ಜಿಪಿಎಸ್ ಅಂದ ತಕ್ಷಣ ನಮಗೆ ನಕ್ಷೆಯ ಮೇಲಿನ ನೀಲಿ ಚುಕ್ಕೆ ನೆನಪಾಗುತ್ತದೆ, ಅಲ್ವಾ? ಯುದ್ಧ ಪೈಲಟ್ ತರಬೇತಿಯಲ್ಲಿ ಚುಕ್ಕೆ ಎಲ್ಲಿದೆ ಅನ್ನುವುದಷ್ಟೇ ಸಾಲದು. ಅದು ಯಾವ ಕ್ಷಣದಲ್ಲಿ ಅಲ್ಲಿತ್ತು ಅನ್ನುವುದೂ ಬೇಕು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವ ಇರುವುದು ಆ ಎರಡನೇ ಪ್ರಶ್ನೆಯಲ್ಲಿ.

ಇದರ ಬೇರು ವಿಯೆಟ್ನಾಂ ಯುದ್ಧದಲ್ಲಿದೆ. 1965ರಿಂದ 1968ರ ನಡುವೆ ಅಮೆರಿಕದ ಪೈಲಟ್‌ಗಳು ಗಾಳಿಯಲ್ಲಿ ಸುಮಾರು 600 ಕ್ಷಿಪಣಿ ಬಿಟ್ಟರು. ಗುರಿ ಮುಟ್ಟಿದ್ದು ಸುಮಾರು ಹತ್ತಕ್ಕೆ ಒಂದು. ಯಾಕೆ ಹೀಗಾಯಿತು ಅಂತ ಹುಡುಕಲು ಅಲ್ಲಿನ ನೌಕಾಪಡೆ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಅವರನ್ನು ನೇಮಿಸಿತು. ಅವರ ವರದಿಯಲ್ಲಿ ಕ್ಷಿಪಣಿಗಳ ದೋಷಗಳ ಪಟ್ಟಿ ಉದ್ದಕ್ಕಿತ್ತು. ಜೊತೆಗೆ ಇನ್ನೊಂದು ವಿಷಯವೂ ಇತ್ತು. ಎಷ್ಟೋ ಸಲ ಪೈಲಟ್‌ಗಳು ಕ್ಷಿಪಣಿ ಹೊಡೆಯಲಾಗದ ದೂರದಿಂದ, ಹೊಡೆಯಲಾಗದ ಕೋನದಿಂದ ಗುಂಡಿ ಒತ್ತಿದ್ದರು. ‘ಈಗ ಹೊಡೆಯಬಹುದು’ ಅಂತ ಅವರಿಗೆ ಅನಿಸಿತ್ತು. ನಿಜವಾಗಿ ಹಾಗಿರಲಿಲ್ಲ. ಅನಿಸಿಕೆಗೂ ನಿಜಕ್ಕೂ ನಡುವಿನ ಈ ಅಂತರವನ್ನು ತರಬೇತಿಯಲ್ಲೇ ತೋರಿಸಿಕೊಡಬೇಕಿತ್ತು. ಆ ವರದಿಯಿಂದ ಹುಟ್ಟಿದ್ದು ಎರಡು. ಒಂದು, ಪೈಲಟ್‌ಗಳಿಗೆ ಗಾಳಿಯಲ್ಲಿನ ಕಾದಾಟ ಕಲಿಸಲು 1969ರಲ್ಲಿ ಶುರುವಾದ ಟಾಪ್‌ಗನ್ ಶಾಲೆ. ಇನ್ನೊಂದು, ವಿಮಾನಗಳ ಪ್ರತಿ ಚಲನೆಯನ್ನೂ ಅಳೆದು ಬರೆದಿಡುವ ತರಬೇತಿ ವಲಯ. ಅಂಥ ಮೊದಲ ವಲಯ ಅರಿಜೋನಾದ ಯೂಮಾ ಬಳಿ 1970ರ ದಶಕದ ಶುರುವಿನಲ್ಲಿ ತಯಾರಾಯಿತು.

ಆಗ ಜಿಪಿಎಸ್ ಇರಲಿಲ್ಲ. ಮರುಭೂಮಿಯಲ್ಲಿ ಅಲ್ಲಲ್ಲಿ ರೇಡಿಯೊ ಕೇಂದ್ರಗಳನ್ನು ನೆಟ್ಟರು. ವಿಮಾನದ ರೆಕ್ಕೆಗೆ ಒಂದು ಉದ್ದನೆಯ ಕೊಳವೆ ಕಟ್ಟಿದರು. ಪೈಲಟ್‌ಗಳ ಬಾಯಲ್ಲಿ ಇದು ‘ಪಾಡ್’. ಸೈಡ್‌ವೈಂಡರ್ ಕ್ಷಿಪಣಿಯಷ್ಟೇ ದಪ್ಪ, ಅದೇ ಆಕಾರ. ಕ್ಷಿಪಣಿ ಕೂರುವ ಹಳಿಯ ಮೇಲೇ ಕೂರುವುದರಿಂದ ವಿಮಾನವನ್ನು ಬಿಚ್ಚಿ ಏನೂ ಬದಲಾಯಿಸಬೇಕಿಲ್ಲ. ನೆಲದ ಕೇಂದ್ರಗಳು ಪಾಡ್‌ಗೆ ರೇಡಿಯೊ ಸಂಕೇತ ಕಳಿಸಿ, ಉತ್ತರ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತಿದ್ದವು. ಹಲವು ಕೇಂದ್ರಗಳ ದೂರ ಸಿಕ್ಕರೆ ವಿಮಾನ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಬುದ್ಧಿವಂತ ಉಪಾಯವೇ. ಆದರೆ ಆ ಕೇಂದ್ರಗಳ ಕಣ್ಣಳತೆ ದಾಟಿದರೆ ಜಾಡು ಕಡಿದುಹೋಗುತ್ತಿತ್ತು. ಬೆಟ್ಟದ ಮರೆಗೆ ಇಳಿದರೂ ಅಷ್ಟೇ. ಮೊದಮೊದಲು ಕೆಲವೇ ಕೆಲವು ವಿಮಾನಗಳನ್ನು ಒಟ್ಟಿಗೆ ನೋಡಲು ಆಗುತ್ತಿತ್ತು. ಸಮುದ್ರದ ಮೇಲೆ ಅಭ್ಯಾಸ ಮಾಡಬೇಕಾದರೆ ಕೇಂದ್ರಗಳನ್ನು ನೆಡಲು ನೆಲವೇ ಇಲ್ಲವಲ್ಲ.

ಉಪಗ್ರಹ ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ರೇಡಿಯೊ ಕೇಂದ್ರಗಳು ನೆಲ ಬಿಟ್ಟು ಆಕಾಶಕ್ಕೆ ಹೋದವು ಅಂದುಕೊಳ್ಳಿ. ಜಿಪಿಎಸ್‌ನ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ, ವ್ಯವಸ್ಥೆ ಪೂರ್ತಿ ಸಿದ್ಧವಾಗಿದೆ ಅಂತ ಘೋಷಿಸಿದ್ದು 1995ರಲ್ಲಿ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಈ ಉಪಗ್ರಹಗಳು ಸುತ್ತುತ್ತಿರುತ್ತವೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ, ಭಾರತದ ನಾವಿಕ್ ಎಲ್ಲವೂ ಕೆಲಸ ಮಾಡುವ ಬಗೆ ಹೆಚ್ಚುಕಡಿಮೆ ಇದೇ.

ಬಗೆ ಅಂದರೆ ಏನು? ಪ್ರತಿ ಉಪಗ್ರಹದೊಳಗೆ ಪರಮಾಣು ಗಡಿಯಾರ ಇದೆ. ಉಪಗ್ರಹ ಸುಮ್ನೆ ಒಂದೇ ಮಾತು ಹೇಳುತ್ತಾ ಹೋಗುತ್ತದೆ: ‘ನಾನು ಇಂಥ ಜಾಗದಲ್ಲಿದ್ದೇನೆ, ಈಗ ಸಮಯ ಇಷ್ಟು.’ ಆ ಮಾತು ರೇಡಿಯೊ ಅಲೆಯಾಗಿ ಬೆಳಕಿನ ವೇಗದಲ್ಲಿ ಕೆಳಗೆ ಬರಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ವಿಮಾನದ ರಿಸೀವರ್ ‘ಹೊರಟಿದ್ದು ಯಾವಾಗ, ಮುಟ್ಟಿದ್ದು ಯಾವಾಗ’ ಅಂತ ನೋಡಿ, ವ್ಯತ್ಯಾಸವನ್ನು ಬೆಳಕಿನ ವೇಗದಿಂದ ಗುಣಿಸುತ್ತದೆ. ದೂರ ಸಿಕ್ಕಿತು. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಗೊತ್ತಾಗಬೇಕು ತಾನೇ?

ಇಲ್ಲೊಂದು ತೊಡಕಿದೆ. ರಿಸೀವರ್ ಒಳಗಿರುವ ಗಡಿಯಾರ ಅಗ್ಗದ್ದು. ಅದು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಆಚೀಚೆ ಆದರೂ ದೂರದಲ್ಲಿ 300 ಮೀಟರ್ ತಪ್ಪು ಬರುತ್ತದೆ. ಅದಕ್ಕೇ ನಾಲ್ಕನೇ ಉಪಗ್ರಹ ಬೇಕು. ರಿಸೀವರ್‌ಗೆ ಗೊತ್ತಿಲ್ಲದ ಸಂಗತಿಗಳು ನಾಲ್ಕು: ಉದ್ದ, ಅಗಲ, ಎತ್ತರ, ತನ್ನ ಗಡಿಯಾರದ ತಪ್ಪು. ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣ ಸಿಗುತ್ತವೆ. ಬಿಡಿಸಿದಾಗ ಜಾಗದ ಜೊತೆಗೆ ನಿಖರ ಸಮಯವೂ ಕೈಗೆ ಬರುತ್ತದೆ. ಅಂದರೆ ಪ್ರತಿ ವಿಮಾನಕ್ಕೂ ಪರಮಾಣು ಗಡಿಯಾರದ ಸಮಯ ಪುಕ್ಕಟೆ ಸಿಕ್ಕಂತಾಯಿತು!

ಈ ಸಮಯ ಯಾಕೆ ಅಷ್ಟು ಮುಖ್ಯ ಅಂತ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಂಟೆಗೆ 900 ಕಿ.ಮೀ. ಅಂದರೆ ಸೆಕೆಂಡಿಗೆ 250 ಮೀಟರ್. ಎರಡು ವಿಮಾನ ಎದುರುಬದುರಾಗಿ ಬರುತ್ತಿದ್ದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಹತ್ತಿರವಾಗುತ್ತವೆ. ಎರಡರಲ್ಲೂ ತಮ್ಮ ತಮ್ಮ ಜಾಗ ಕರಾರುವಾಕ್ಕಾಗಿ ದಾಖಲಾಗಿದೆ, ಆದರೆ ಒಂದರ ಗಡಿಯಾರ ಒಂದು ಸೆಕೆಂಡ್ ಹಿಂದಿದೆ ಅಂತಿಟ್ಟುಕೊಳ್ಳಿ. ಎರಡೂ ದಾಖಲೆಗಳನ್ನು ಒಂದೇ ಪರದೆಗೆ ತಂದರೆ ವಿಮಾನಗಳ ನಡುವಿನ ದೂರದಲ್ಲಿ 250 ಮೀಟರ್ ಸುಳ್ಳು ಸೇರಿಕೊಂಡಿರುತ್ತದೆ. ಯಾರು ಮೊದಲು ಹೊಡೆದರು ಅನ್ನುವ ಪ್ರಶ್ನೆಗಂತೂ ಪೂರಾ ಉಲ್ಟಾ ಉತ್ತರ ಬರಬಹುದು. ಕೈಗಡಿಯಾರ ನೋಡಿ ಬರೆದುಕೊಂಡ ಕಾಲದಲ್ಲಿ ಆಗುತ್ತಿದ್ದದ್ದೂ ಅದೇ. ಎಲ್ಲ ವಿಮಾನಗಳೂ ಒಂದೇ ಗಡಿಯಾರದ ಸಮಯ ಹಾಕಿ ಬರೆದಾಗ ಮಾತ್ರ ಅವುಗಳ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತವೆ.

ಆ ಗಡಿಯಾರದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಸುತ್ತುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಹಾಗೇ ಬಿಟ್ಟರೆ ದಿನಕ್ಕೆ 10 ಕಿ.ಮೀ.ಗೂ ಜಾಸ್ತಿ ತಪ್ಪು ಸೇರುತ್ತಾ ಹೋಗುತ್ತದೆ. ಹಾಗಾಗಿ ಹಾರಿಸುವ ಮುಂಚೆಯೇ ಆ ಗಡಿಯಾರಗಳನ್ನು ಒಂದು ಕೂದಲೆಳೆಯಷ್ಟು ನಿಧಾನ ಮಾಡಿಟ್ಟಿರುತ್ತಾರೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಈಗ ಪಾಡ್‌ಗೆ ವಾಪಸ್ ಬರೋಣ. ಫೈಟರ್ ವಿಮಾನ ಕಾರಿನ ಹಾಗೆ ಚಕ್ರ ಕೆಳಗೆ ಮಾಡಿಕೊಂಡೇ ಓಡುವುದಿಲ್ಲ. ಅಡ್ಡಡ್ಡ ವಾಲುತ್ತದೆ, ಬೆನ್ನು ಕೆಳಗಾಗಿ ಮಗುಚುತ್ತದೆ. ಬೆನ್ನ ಮೇಲಿನ ಆಂಟೆನಾ ಆಗ ನೆಲ ನೋಡುತ್ತದೆ. ರೆಕ್ಕೆ, ಬಾಲ ಅಡ್ಡ ಬಂದು ಉಪಗ್ರಹಗಳು ಒಂದೊಂದಾಗಿ ಮರೆಯಾಗುತ್ತವೆ. ತಮಾಷೆ ಅಂದರೆ, ಜಾಡು ಅತಿ ಹೆಚ್ಚು ಬೇಕಾಗಿರುವುದೂ ಆ ಕ್ಷಣದಲ್ಲೇ! ಇದಕ್ಕೆ ಪರಿಹಾರವಾಗಿ ಪಾಡ್ ಒಳಗೆ ಇನ್ನೊಂದು ಸಾಧನ ಇಡುತ್ತಾರೆ. ಹೊರಗಿನ ಯಾರನ್ನೂ ಕೇಳದೆ, ವಿಮಾನ ಎಷ್ಟು ತಿರುಗಿತು, ಎಷ್ಟು ಜೋರಾಗಿ ತಳ್ಳಲ್ಪಟ್ಟಿತು ಅಂತ ಇದು ತಾನೇ ಅಳೆಯುತ್ತದೆ. ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಣಿಸಿ ಮನೆಯೊಳಗೆ ನಡೆದಂತೆ. ಸ್ವಲ್ಪ ಹೊತ್ತು ತುಂಬಾ ಚೆನ್ನಾಗಿ ನಡೆಯುತ್ತದೆ. ಹೊತ್ತು ಕಳೆದಂತೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು ಗೋಡೆಗೆ ಹೊಡೆಯುತ್ತೇವೆ. ಜಿಪಿಎಸ್ ಆಗಾಗ ಕಣ್ಣು ತೆರೆದಂತೆ. ಒಂದು ಕ್ಷಣ ಕಂಡರೂ ಎಣಿಕೆ ಸರಿಹೋಗುತ್ತದೆ. ಎರಡನ್ನೂ ಬೆಸೆಯುವ ಗಣಿತವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟರು. ಯಾವುದನ್ನು ಯಾವಾಗ ಎಷ್ಟು ನಂಬಬೇಕು ಅಂತ ಕಾಲ್ಮನ್ ಫಿಲ್ಟರ್ ಕ್ಷಣ ಕ್ಷಣಕ್ಕೂ ತೂಗಿ ನೋಡುತ್ತದೆ. ವಿಮಾನದ ಮೂಗು ಯಾವ ಕಡೆ ಇತ್ತು, ಎಷ್ಟು ವಾಲಿತ್ತು ಅನ್ನುವುದೂ ಈ ಸಾಧನದಿಂದಲೇ ಸಿಗುತ್ತದೆ. ಅಷ್ಟು ಗೊತ್ತಿಲ್ಲದಿದ್ದರೆ ಗುರಿ ಸರಿ ಇತ್ತೋ ಇಲ್ಲವೋ ಹೇಳಲು ಬರುವುದಿಲ್ಲ.

ನಿಖರತೆಯ ಮಾತು ಬಂದಾಗ ‘ಜಿಪಿಎಸ್‌ನಲ್ಲಿ ಕೆಲವು ಮೀಟರ್ ತಪ್ಪು ಇರುತ್ತದಲ್ಲ’ ಅಂತ ಕೇಳುವವರಿದ್ದಾರೆ. ಇರುತ್ತದೆ. ಸಂಕೇತ ವಾತಾವರಣದ ಮೇಲ್ಪದರಗಳನ್ನು ದಾಟುವಾಗ ಸ್ವಲ್ಪ ತಡವಾಗುತ್ತದೆ, ಅದೇ ದೊಡ್ಡ ಕಾರಣ. ಆದರೆ ಕಾದಾಟದಲ್ಲಿ ಬೇಕಾಗಿರುವುದು ಎರಡು ವಿಮಾನಗಳ ನಡುವಿನ ದೂರ. ಅವೆರಡೂ ಹತ್ತಿರದಲ್ಲೇ ಹಾರುತ್ತಿರುತ್ತವೆ, ಅದೇ ಉಪಗ್ರಹಗಳನ್ನು ನೋಡುತ್ತಿರುತ್ತವೆ, ಸಂಕೇತ ಅದೇ ಗಾಳಿಯನ್ನು ದಾಟಿ ಬಂದಿರುತ್ತದೆ. ಇಬ್ಬರದ್ದೂ ತಪ್ಪು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ಒಂದರಿಂದ ಒಂದನ್ನು ಕಳೆದರೆ ಆ ತಪ್ಪಿನ ಬಹುಪಾಲು ಹೊರಟುಹೋಗುತ್ತದೆ.

ಎತ್ತರದ ವಿಷಯ ಮಾತ್ರ ಅಷ್ಟು ಸಲೀಸಲ್ಲ. ರಿಸೀವರ್‌ಗೆ ಕಾಣುವ ಉಪಗ್ರಹಗಳೆಲ್ಲ ತಲೆ ಮೇಲೆಯೇ ಇವೆ, ಕಾಲ ಕೆಳಗೆ ಕಾಣುವುದು ಒಂದೂ ಇಲ್ಲ. ಹಾಗಾಗಿ ಅಡ್ಡಳತೆಗಿಂತ ಎತ್ತರದಲ್ಲಿ ತಪ್ಪು ಜಾಸ್ತಿ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು. ಇನ್ನೊಂದು ವಿಚಿತ್ರವೂ ಇದೆ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ಒಂದು ನುಣುಪಾದ ಗಣಿತದ ಆಕಾರದಿಂದ. ನಿಜವಾದ ಸಮುದ್ರಮಟ್ಟ ಅಷ್ಟು ನುಣುಪಾಗಿಲ್ಲ. ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಅದು ಕೆಲವು ಕಡೆ ಉಬ್ಬಿದೆ, ಕೆಲವು ಕಡೆ ತಗ್ಗಾಗಿದೆ. ಇಡೀ ಭೂಮಿಯಲ್ಲಿ ಅತಿ ಆಳದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ, ಸುಮಾರು 106 ಮೀಟರ್. ಇನ್ನು ಪೈಲಟ್ ಮುಂದಿರುವ ಎತ್ತರದ ಮೀಟರ್ ಗಾಳಿಯ ಒತ್ತಡ ನೋಡಿ ಹೇಳುತ್ತದೆ. ಹೀಗೆ ‘ಎತ್ತರ’ ಅನ್ನುವ ಒಂದೇ ಪದಕ್ಕೆ ಮೂರು ಬೇರೆ ಬೇರೆ ಅಳತೆ. ಇವನ್ನು ಹೊಂದಿಸದೆ ಒಂದೇ ಪರದೆಗೆ ಹಾಕಿದರೆ ಗೊಂದಲ ಖಂಡಿತ.

ಆ ಗೊಂದಲ ಯಾಕೆ ಅಪಾಯ ಅಂದರೆ, ತರಬೇತಿ ಕಾದಾಟದಲ್ಲಿ ಒಂದು ಸುಳ್ಳು ನೆಲ ಇರುತ್ತದೆ. ಇದಕ್ಕೆ ‘ಹಾರ್ಡ್ ಡೆಕ್’ ಅನ್ನುತ್ತಾರೆ. ನೆಲದಿಂದ ಸಾವಿರಾರು ಅಡಿ ಮೇಲೆ ಒಂದು ಎತ್ತರ ಗೊತ್ತು ಮಾಡಿ, ಅದೇ ನೆಲ ಅಂತ ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಅದಕ್ಕಿಂತ ಕೆಳಗಿಳಿದರೆ ನೀವು ಸತ್ತಂತೆ. ಹಾಗೇ ಪ್ರತಿ ವಿಮಾನದ ಸುತ್ತ ಒಂದು ಗುಳ್ಳೆ ಇದೆ ಅಂತ ಭಾವಿಸುತ್ತಾರೆ, ಸಾಮಾನ್ಯವಾಗಿ 500 ಅಥವಾ 1000 ಅಡಿ. ಅದರೊಳಗೆ ಯಾರೂ ನುಗ್ಗುವಂತಿಲ್ಲ. ಕಣ್ಣಳತೆಯಲ್ಲಿ 500 ಅಡಿಯೋ 400 ಅಡಿಯೋ ಹೇಳುವುದು ಯಾರಿಗೂ ಕಷ್ಟ. ದಾಖಲೆ ನೋಡಿದರೆ ಸಂಶಯಕ್ಕೆ ಎಡೆಯಿಲ್ಲ. ವಿಮಾನಗಳ ಮಾಹಿತಿ ನೆಲಕ್ಕೆ ಆಗಿಂದಾಗ್ಗೆ ಬರುತ್ತಿದ್ದರೆ, ಪರದೆ ಮುಂದೆ ಕೂತ ಅಧಿಕಾರಿ ‘ನಾಕ್ ಇಟ್ ಆಫ್’ ಅಂತ ಕೂಗಿ ಕಾದಾಟ ನಿಲ್ಲಿಸಬಹುದು. ಆ ಮಾತು ಕಿವಿಗೆ ಬಿದ್ದರೆ ಎಲ್ಲರೂ ಅಲ್ಲಿಗೇ ನಿಲ್ಲಿಸಬೇಕು, ಗೆಲ್ಲುತ್ತಿದ್ದವನೂ ಸಹ.

ಇವತ್ತಿನ ಪಾಡ್‌ಗಳಿಗೆ ನೆಲದ ಕೇಂದ್ರ ಇರಲೇಬೇಕು ಅಂತಿಲ್ಲ. ಪ್ರತಿ ಪಾಡ್ ತನ್ನ ಜಾಗ, ವೇಗ, ವಾಲಿದ ಕೋನವನ್ನು ಸೆಕೆಂಡಿಗೆ ಹಲವು ಸಲ ರೇಡಿಯೊದಲ್ಲಿ ಬಿತ್ತರಿಸುತ್ತದೆ. ಉಳಿದ ಪಾಡ್‌ಗಳು ಕೇಳಿಸಿಕೊಳ್ಳುತ್ತವೆ, ಎಲ್ಲವೂ ತಮ್ಮೊಳಗೆ ಬರೆದಿಟ್ಟುಕೊಳ್ಳುತ್ತವೆ. ಇಪ್ಪತ್ತು ಮೂವತ್ತು ಪಾಡ್‌ಗಳು ಒಂದೇ ಚಾನೆಲ್‌ನಲ್ಲಿ ಮಾತಾಡಿದರೆ ಗದ್ದಲ ಆಗುವುದಿಲ್ಲವೇ? ಆಗುವುದಿಲ್ಲ. ಪ್ರತಿಯೊಂದಕ್ಕೂ ಸೆಕೆಂಡಿನ ಒಂದು ಚೂರು ಗೊತ್ತು ಮಾಡಿರುತ್ತಾರೆ, ಸರದಿ ಬಂದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಸರದಿ ಬಂತು ಅಂತ ತಿಳಿಯುವುದು ಹೇಗೆ? ಅದೇ ಉಪಗ್ರಹದ ಗಡಿಯಾರದಿಂದ.

ಇನ್ನು ಗುಂಡಿ ಒತ್ತುವ ಕ್ಷಣ. ರೆಕ್ಕೆಯ ಕೆಳಗಿಂದ ಏನೂ ಹೊರಡುವುದಿಲ್ಲ. ಪೈಲಟ್ ರೇಡಿಯೊದಲ್ಲಿ ‘ಫಾಕ್ಸ್ ಟೂ’ ಅನ್ನುತ್ತಾನೆ, ಅಂದರೆ ಶಾಖ ಹಿಂಬಾಲಿಸುವ ಕ್ಷಿಪಣಿ ಬಿಟ್ಟೆ ಅಂತ. ಪಾಡ್ ಆ ಕ್ಷಣವನ್ನು ಗುರುತು ಹಾಕಿಕೊಳ್ಳುತ್ತದೆ. ಅಲ್ಲಿಂದಾಚೆ ಕ್ಷಿಪಣಿ ಹಾರುವುದು ಕಂಪ್ಯೂಟರಿನೊಳಗೆ. ಅದರ ಮೋಟಾರ್ ಎಷ್ಟು ಸೆಕೆಂಡ್ ಉರಿಯುತ್ತದೆ, ಗಾಳಿ ಎಷ್ಟು ಎಳೆಯುತ್ತದೆ, ಎಷ್ಟು ಬಿರುಸಾಗಿ ತಿರುಗಬಲ್ಲದು ಎಲ್ಲ ಲೆಕ್ಕ ಹಾಕಿ, ಎದುರಾಳಿ ನಿಜವಾಗಿ ಹಾರಿದ ದಾರಿಯ ಹಿಂದೆ ಈ ಕಾಲ್ಪನಿಕ ಕ್ಷಿಪಣಿಯನ್ನು ಓಡಿಸುತ್ತಾರೆ. ಮುಟ್ಟಿತು ಅಂತಾದರೆ ಆ ಪೈಲಟ್ ‘ಸತ್ತ’, ಕಾದಾಟದಿಂದ ಹೊರಗೆ ಹೋಗಬೇಕು. ವಿಯೆಟ್ನಾಂನಲ್ಲಿ ಹತ್ತರಲ್ಲಿ ಒಂಬತ್ತು ಕ್ಷಿಪಣಿ ವ್ಯರ್ಥವಾದಾಗ ಯಾರೂ ಹೇಳಿಕೊಡಲಾಗದ ಪಾಠ ಇಲ್ಲಿ ಒಂದೂ ಕ್ಷಿಪಣಿ ಖರ್ಚಾಗದೆ ಸಿಗುತ್ತದೆ.

ಕಾದಾಟದ ಹಂತಕ್ಕೆ ಬರುವ ಮುಂಚಿನ ಟ್ರೇನಿಗೂ ಈ ಜಾಡು ಕನ್ನಡಿಯ ಹಾಗೆ. ಲ್ಯಾಂಡಿಂಗ್‌ಗೆ ಬರುವಾಗ ರನ್‌ವೇ ಕಡೆಗೆ ತಿರುಗುವ ಕೊನೆಯ ತಿರುವನ್ನೇ ತಗೊಳ್ಳಿ. ಹೊಸಬರು ಇದನ್ನು ತಡವಾಗಿ ಶುರು ಮಾಡುತ್ತಾರೆ. ರನ್‌ವೇ ಸಾಲು ದಾಟಿಹೋಯಿತು ಅಂತ ಗಾಬರಿಯಾಗಿ ವಿಮಾನವನ್ನು ಇನ್ನಷ್ಟು ವಾಲಿಸುತ್ತಾರೆ, ವಿಮಾನ ನಡೆಸುವ ಕೋಲನ್ನು ತಮ್ಮ ಕಡೆ ಎಳೆಯುತ್ತಾರೆ. ವೇಗ ಕಡಿಮೆ, ಎತ್ತರ ಕಡಿಮೆ, ವಾಲಿದ್ದು ಜಾಸ್ತಿ. ವಿಮಾನ ಗಾಳಿಯ ಆಸರೆ ಕಳೆದುಕೊಂಡು ಬೀಳಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ‘ತಡ ಮಾಡ್ತಿದೀಯ’ ಅಂತ ಇನ್‌ಸ್ಟ್ರಕ್ಟರ್ ಎಷ್ಟು ಸಲ ಹೇಳಿದರೂ ಟ್ರೇನಿಗೆ ತಾನು ಸರಿಯಾಗಿಯೇ ತಿರುಗಿದೆ ಅನ್ನಿಸುತ್ತಿರುತ್ತದೆ. ಆದರೆ ಹತ್ತು ಲ್ಯಾಂಡಿಂಗ್‌ಗಳ ಜಾಡನ್ನು ಒಂದರ ಮೇಲೊಂದು ಇಟ್ಟು ತೋರಿಸಿ. ಹತ್ತಕ್ಕೆ ಹತ್ತೂ ಗೆರೆ ರನ್‌ವೇಯ ಆಚೆ ಬದಿಗೆ ಉಬ್ಬಿರುತ್ತವೆ. ಆಮೇಲೆ ವಾದಕ್ಕೆ ಏನೂ ಉಳಿಯುವುದಿಲ್ಲ. ಒಬ್ಬನೇ ಹಾರಲು ಹೋದಾಗ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರುವುದಿಲ್ಲ, ಆಗಲೂ ಈ ಗೆರೆ ಜೊತೆಗಿರುತ್ತದೆ.

ಜಾಡು ಹಿಡಿಯುವ ಈ ಜ್ಞಾನ ಜೀವ ಉಳಿಸಿದ್ದೂ ಇದೆ. 2016ರಲ್ಲಿ ಅರಿಜೋನಾದಲ್ಲಿ ಎಫ್-16 ಕಲಿಯುತ್ತಿದ್ದ ಟ್ರೇನಿಯೊಬ್ಬ 8 ಜಿ ದಾಟಿದ ತಿರುವಿನಲ್ಲಿ ಪ್ರಜ್ಞೆ ತಪ್ಪಿದ. ವಿಮಾನದ ಮೂಗು ಕೆಳಗಾಯಿತು. ಸುಮಾರು 17,000 ಅಡಿಯಿಂದ ಅದು ಧುಮುಕತೊಡಗಿತು. ಇನ್ನೊಂದು ವಿಮಾನದಲ್ಲಿದ್ದ ಇನ್‌ಸ್ಟ್ರಕ್ಟರ್ ‘ಟೂ, ರಿಕವರ್!’ ಅಂತ, ಅಂದರೆ ‘ಎರಡನೇ ವಿಮಾನ, ಮೇಲೆತ್ತು!’ ಅಂತ ರೇಡಿಯೊದಲ್ಲಿ ಕೂಗುತ್ತಾರೆ. ಉತ್ತರ ಇಲ್ಲ. ಮತ್ತೆ ಕೂಗುತ್ತಾರೆ, ದನಿ ಏರುತ್ತದೆ. ಅಷ್ಟರಲ್ಲಿ ವಿಮಾನ ತಾನಾಗಿಯೇ ರೆಕ್ಕೆ ಸಮ ಮಾಡಿಕೊಂಡು ಮೂಗು ಮೇಲೆತ್ತಿತು. ಆಗ ಎತ್ತರ ಸುಮಾರು 4,400 ಅಡಿ. ಟ್ರೇನಿ ಎಚ್ಚರಗೊಂಡು ಹಿಡಿತ ತಗೊಂಡ. ವಿಮಾನ ನೆಲಕ್ಕೆ ಅಪ್ಪಳಿಸದಂತೆ ತಾನಾಗಿಯೇ ಮೇಲೆತ್ತುವ ಈ ವ್ಯವಸ್ಥೆಯ ಹೆಸರು ಆಟೊ ಜಿಕ್ಯಾಸ್, ಎಫ್-16ಗಳಿಗೆ ಇದು ಬಂದಿದ್ದು 2014ರಲ್ಲಿ. ನೆಲವನ್ನು ನೋಡಲು ಅದಕ್ಕೆ ಕಣ್ಣಿಲ್ಲ. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತು, ಆ ಜಾಗದ ಏರುತಗ್ಗಿನ ನಕ್ಷೆ ಒಳಗೇ ಇದೆ. ಎರಡನ್ನೂ ಹೋಲಿಸಿ, ಇನ್ನು ಕಾಯುವಂತಿಲ್ಲ ಅನ್ನುವ ಕೊನೇ ಗಳಿಗೆಯಲ್ಲಿ ಕೈ ಹಾಕುತ್ತದೆ. ಆ ವಿಡಿಯೊದಲ್ಲಿ ಇನ್‌ಸ್ಟ್ರಕ್ಟರ್ ದನಿ ಕೇಳಿದವರು ಅದನ್ನು ಮರೆಯುವುದು ಕಷ್ಟ.

ಹಾಗಂತ ಉಪಗ್ರಹವನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ನೆಲ ಮುಟ್ಟುವ ಹೊತ್ತಿಗೆ ಆ ಸಂಕೇತ ಎಷ್ಟು ಕ್ಷೀಣವಾಗಿರುತ್ತದೆ ಗೊತ್ತಾ? ಒಂದು ವ್ಯಾಟನ್ನು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಕೋಟಿ ಭಾಗ ಮಾಡಿ. ಅದಕ್ಕಿಂತಲೂ ಕಡಿಮೆ. ಒಂದು ಸಣ್ಣ ಯಂತ್ರ ಅದೇ ತರಂಗದಲ್ಲಿ ಗಲಾಟೆ ಎಬ್ಬಿಸಿದರೆ ರಿಸೀವರ್‌ಗೆ ಏನೂ ಕೇಳಿಸದು. ಇನ್ನೂ ಕೆಟ್ಟದ್ದೆಂದರೆ ಸುಳ್ಳು ಸಂಕೇತ. ರಿಸೀವರ್ ಅದನ್ನೇ ನಿಜ ಅಂತ ನಂಬಿ ತಪ್ಪು ಜಾಗ ತೋರಿಸುತ್ತದೆ. ಅದಕ್ಕೇ ಸೇನೆಗಳು ಗೂಢಲಿಪಿಯ ಬೇರೆ ಸಂಕೇತ ಬಳಸುತ್ತವೆ. ಜೊತೆಗೆ ಜಿಪಿಎಸ್ ಇಲ್ಲದೆ, ಕಾಗದದ ನಕ್ಷೆ ಮತ್ತು ಗಡಿಯಾರ ಹಿಡಿದು ಹಾರುವುದನ್ನೂ ಕಲಿಸುತ್ತಾರೆ. ನಿಮಿಷಕ್ಕೆ 7 ನಾಟಿಕಲ್ ಮೈಲಿ ವೇಗದಲ್ಲಿ ಹೋಗುತ್ತಾ, ಇಂಥ ಸೇತುವೆ ಇಷ್ಟು ನಿಮಿಷಕ್ಕೆ ಬರಬೇಕು ಅಂತ ಲೆಕ್ಕ ಇಡಬೇಕು. ಅಂಥ ಪಾಠದ ದಿನವೂ ಎಷ್ಟೋ ಕಡೆ ರೆಕಾರ್ಡರ್ ಓಡುತ್ತಲೇ ಇರುತ್ತದೆ. ಟ್ರೇನಿ ಅದನ್ನು ನೋಡುವಂತಿಲ್ಲ, ಅಷ್ಟೇ. ಇಳಿದ ಮೇಲೆ ಅವನ ಲೆಕ್ಕವನ್ನೂ ನಿಜವಾದ ಜಾಡನ್ನೂ ಪಕ್ಕಪಕ್ಕ ಇಡುತ್ತಾರೆ.

ಹಾರಾಟ ಒಂದು ಗಂಟೆಯದಾದರೆ ಆಮೇಲಿನ ಡೀಬ್ರೀಫ್, ಅಂದರೆ ಕೂತು ಹಾರಾಟವನ್ನು ಒರೆಗೆ ಹಚ್ಚುವ ಚರ್ಚೆ, ಎರಡು ಮೂರು ಗಂಟೆ ಎಳೆಯುವುದುಂಟು. ಕೋಣೆಯಲ್ಲಿ ದೀಪ ಸಣ್ಣದು ಮಾಡುತ್ತಾರೆ. ಪರದೆಯ ಮೇಲೆ ಎರಡು ಪುಟ್ಟ ವಿಮಾನ, ಹಿಂದೆ ಬಣ್ಣದ ರಿಬ್ಬನ್‌ನಂಥ ಜಾಡು. ಹಿಂದಕ್ಕೆ ಮುಂದಕ್ಕೆ ಓಡಿಸಬಹುದು, ಮೇಲಿಂದ ನೋಡಬಹುದು, ಎದುರಾಳಿಯ ಕಾಕ್‌ಪಿಟ್‌ನಲ್ಲಿ ಕೂತಂತೆಯೂ ನೋಡಬಹುದು. ಯಾರು ಮೊದಲು ಹೊಡೆದರು ಅನ್ನುವುದು ಮೊದಲ ಐದು ನಿಮಿಷದಲ್ಲೇ ಇತ್ಯರ್ಥವಾಗುತ್ತದೆ. ಉಳಿದ ಹೊತ್ತೆಲ್ಲ ‘ಯಾಕೆ’ ಅನ್ನುವುದರ ಹುಡುಕಾಟ. ಇನ್‌ಸ್ಟ್ರಕ್ಟರ್ ಜಾಡನ್ನು ಒಂದು ಕಡೆ ನಿಲ್ಲಿಸುತ್ತಾರೆ. ನೀಲಿ ವಿಮಾನ ತಿರುಗಬೇಕಿತ್ತು, ನಾಲ್ಕು ಸೆಕೆಂಡ್ ನೇರ ಹೋಗಿದೆ. ಆ ನಾಲ್ಕು ಸೆಕೆಂಡಿನ ಪ್ರತಿ ಚೂರಿನ ಲೆಕ್ಕವೂ ಪರದೆ ಮೇಲಿದೆ: ಜಾಗ, ವೇಗ, ಎತ್ತರ, ಕೋನ. ಅಲ್ಲಿ ಇಲ್ಲದ್ದನ್ನು ಅವರು ಟ್ರೇನಿ ಕಡೆ ತಿರುಗಿ ಕೇಳುತ್ತಾರೆ. ‘ಇಲ್ಲಿ ನೀನು ಏನನ್ನ ನೋಡ್ತಿದ್ದೆ?’